ಮಾಂಯ್ ಕೈಯ ತೆನೆಹಾಲು

ನಮ್ಮ ಮನೆ ಹೊರಗಿನವರಿಗೆ ಒಗ್ಗುವುದಿಲ್ಲ ಎಂದು ಕೆಮ್ಮಣ್ಣಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಕಾಪುವಿನಿಂದ ಸೊಸೆಯಾಗಿ ಬಂದ ನನಗೊಬ್ಬಳಿಗೆ ಗೊತ್ತಿರಲಿಲ್ಲ. ಮದುವೆಯಾದ ವರ್ಷ ಸೆಪ್ಟೆಂಬರಿನ ಮೊಂತಿ ಹಬ್ಬ ಕಳೆದು ಎರಡು ವಾರ ಆಗಿರಬೇಕು, ಜ್ವರ ಹಿಡಿದು ಮಲಗಿದೆ. ಟೈಫಾಯ್ಡ್, ಕನ್ನಡದಲ್ಲಿ ವಿಷಮಶೀತ ಎಂದರು ಡಾಕ್ಟರು. ಎದ್ದು ಕೂರುವಷ್ಟು ಆದಾಗ ಸೊಂಟ ಮುಟ್ಟುತ್ತಿದ್ದ ಕೂದಲೆಲ್ಲ ಬಾಚಣಿಗೆಗೆ ಬಂತು. ತಲೆ ಕೊಯ್ಲು ಮುಗಿದ ಗದ್ದೆಯ ಹಾಗಾಯಿತು. ನೋಡಲು ಬಂದವರು ಹೇಳಿದ ಸಮಾಧಾನ ಎಂತ ಗೊತ್ತುಂಟಾ? "ಹೆದರಬೇಡ ಮಗಾ, ಈ ಮನೆಗೆ ಬಂದವರಿಗೆಲ್ಲ ಅದು ಬರುವುದೇ. ಒಮ್ಮೆ ಬಂದು ಹೋದರೆ ಮತ್ತೆ ಇಲ್ಲ." ಮದುವೆಗೆ ಮೊದಲು ಇದನ್ನು ಒಬ್ಬರಾದರೂ ಹೇಳಬಾರದಿತ್ತಾ?

ಆ ಜ್ವರದಲ್ಲಿ ನನ್ನನ್ನು ಉಳಿಸಿದವರು ನನ್ನ ಅತ್ತೆ ಅಪೊಲೋನಿಯಾ ಬಾಯಿ. ನಮ್ಮ ಕೊಂಕಣಿಯಲ್ಲಿ ಅತ್ತೆಯನ್ನು ಮಾಂಯ್ ಎಂದು ಕರೆಯುವುದು. ಗಂಜಿಯನ್ನು ಮತ್ತೆ ಮತ್ತೆ ಕುದಿಸಿ, ತಿಳಿ ಬಸಿದು, ಚಮಚದಲ್ಲಿ ಬಾಯಿಗೆ ಹಾಕಿದರು. ನನ್ನ ಹೆತ್ತ ತಾಯಿ ಕಾಪುವಿನಿಂದ ಬಂದು ನೋಡಿ, "ನಾನು ಇದ್ದಿದ್ದರೂ ಇಷ್ಟು ಮಾಡುತ್ತಿರಲಿಲ್ಲ" ಎಂದು ಕಣ್ಣೊರೆಸಿಕೊಂಡು ಹಿಂದೆ ಹೋದರು. ಮಾಂಯ್ ಬಾಯಿ ಜೋರು, ಕೋಪ ಮೂಗಿನ ತುದಿಯಲ್ಲಿ. ಆದರೆ ಅವರ ಕೈ ಅನ್ನ ಹಾಕುವ ಕೈ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದ್ದು ಕೇಳಿ ಯಾರೂ ಅವರನ್ನು ಕೆಟ್ಟವರೆಂದು ತಿಳಿಯಬಾರದು.

ನನಗಿಂತ ಮೊದಲು ಈ ಜ್ವರ ಬಂದದ್ದು ನಾದಿನಿ ಪ್ರೆಸಿಲ್ಲಾಳ ಗಂಡ ರೇಮಂಡನಿಗೆ. ಕಾರ್ಕಳದ ಅಳಿಯ ಮೊದಲ ಹಬ್ಬಕ್ಕೆಂದು ಬಂದವನು, ಊರಿಗೆ ಹೋಗಿ ಹಾಸಿಗೆ ಹಿಡಿದು ಸಾಯುವುದೊಂದು ಬಾಕಿ ಇತ್ತು. ನನ್ನದು ಆದ ಮರುವರ್ಷ ಅವರ ಮಗಳು ಝೀಟಾಳ ಸರದಿ. ಮೂರು ವರ್ಷದ ಕೂಸು, ಹಬ್ಬ ಉಂಡು ಹೋದದ್ದು ಕ್ರಿಸ್ಮಸ್ಸಿನವರೆಗೆ ನೆಟ್ಟಗೆ ನಿಲ್ಲಲಿಲ್ಲ. ರೇಮಂಡನ ತಾಯಿ ಕಾನ್ಸೆಪ್ಟಾ ಬಾಯಿ ಆಗ ಹೇಳಿದರಂತೆ, ಇನ್ನು ತನ್ನ ಮನೆಯ ಒಂದು ನರಪಿಳ್ಳೆಯೂ ಆ ಮನೆಯ ಬಾವಿಯ ನೀರು ಮುಟ್ಟುವುದಿಲ್ಲ ಎಂದು.

ಹಾಗೆ ಹೇಳಿದವರು ಹಾಗೆಯೇ ನಡೆದರು. ಮರುವರ್ಷ ಆಟಿ ತಿಂಗಳ ಮಳೆಯಲ್ಲಿ ಒಂದು ಭಾನುವಾರ ರೇಮಂಡ್ ಒಬ್ಬನೇ ಕೊಡೆ ಮಡಚುತ್ತಾ ಜಗಲಿ ಹತ್ತಿದ. ಪ್ರೆಸಿಲ್ಲಾ ಎರಡನೆಯ ಬಸುರಿ, ಮುಂದಿನ ತಿಂಗಳು ಕರೆದುಕೊಂಡು ಬರುವುದೆಂದು ನಾವು ಕೋಣೆಗೆ ಸುಣ್ಣ ಬಳಿಸಿಯಾಗಿತ್ತು. ಮಾಂಯ್ ಅಳಿಯನಿಗೆ ಅನ್ನ, ಬಂಗುಡೆ ಸಾರು ಬಡಿಸಿದರು. ಅವನು ಉಂಡ. ನೀರಿನ ಲೋಟ ಮಾತ್ರ ಮುಟ್ಟಲಿಲ್ಲ.

"ಕಾಫಿ ಆದರೆ ಕುಡಿಯುತ್ತೇನೆ" ಎಂದ.

ಮಾವ ಲಿಯೋನೆಲ್ ನೋಡಿಯೇ ಇದ್ದರು. "ನೀರು ಯಾಕೆ ಬೇಡ?"

"ಅದು ಮಾಂವ್... ಅಮ್ಮ ಹೇಳಿ ಕಳಿಸಿದ್ದಾರೆ. ಪ್ರೆಸಿಲ್ಲಾಳನ್ನು ಹೆರಿಗೆಗೆ ಇಲ್ಲಿಗೆ ಕಳಿಸುವುದಿಲ್ಲವಂತೆ."

"ನಿನ್ನ ಅಮ್ಮನಿಗೆ ಹೇಳು, ಇದೇ ಬಾವಿಯ ನೀರು ಕುಡಿದು ನನ್ನ ಅಪ್ಪ ಎಂಬತ್ತು ದಾಟಿ ಬದುಕಿದ."

"ಅವರು ಮನೆಯವರು ಮಾಂವ್. ನಾನೂ ನನ್ನ ಮಗಳೂ ಹೊರಗಿನವರು."

"ಮೊಮ್ಮಗಳು ಹೊರಗಿನವಳಾ?"

"ಜ್ವರಕ್ಕೆ ಹಾಗೆ ಕಂಡಿತಲ್ಲ."

ಮಾಂಯ್ ಒಳಗೆ ಹೋಗಿ ಒಲೆಯ ಮುಂದೆ ಕೂತರು. ನಾನು ಕಾಫಿಗೆ ನೀರಿಡಲು ಹೋದಾಗ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದರು. "ನಾಲ್ಕು ಹೆತ್ತೆ, ಎರಡನ್ನು ಮಣ್ಣಿಗೆ ಕೊಟ್ಟೆ. ಇರುವ ಒಬ್ಬಳು ಮಗಳ ಬಾಣಂತನ ಮಾಡುವ ಯೋಗವೂ ನನಗಿಲ್ಲವಾ ಬೆನೆಡಿಕ್ಟಾ?" ಎಂದರು. ನನಗೆ ಆ ಕಾನ್ಸೆಪ್ಟಾ ಬಾಯಿಯ ಮೇಲೆ ಬಂದ ಕೋಪ ಅಷ್ಟಿಷ್ಟಲ್ಲ. ಆದರೆ ಝೀಟಾಳ ಕಡ್ಡಿಯಂಥ ಕಾಲು ನೆನಪಾದರೆ ಅವರನ್ನು ಬೈಯಲು ಬಾಯಿಯೂ ಬರುವುದಿಲ್ಲ.

ಮರುದಿನದಿಂದ ಬಾವಿಯದ್ದೇ ರಾಮಾಯಣ. ನಮ್ಮವರು, ಅಂದರೆ ನನ್ನ ಗಂಡ ಓಸ್ವಾಲ್ಡ್, ಉಡುಪಿಯಲ್ಲಿ ಬಸ್ಸಿನ ಆಫೀಸಿನಲ್ಲಿ ಕೆಲಸಕ್ಕಿದ್ದವರು, ಒಂದು ಡಬ್ಬಿ ಬ್ಲೀಚಿಂಗ್ ಪೌಡರ್ ತಂದು ಸುರಿದರು. ಮಾವ ಪಾದ್ರಿಗಳನ್ನು ಕರೆಸಿ ಬಾವಿಗೆ ತೀರ್ಥ ಹಾಕಿಸಿದರು. ಮಾಂಯ್ ಉಪ್ಪು ಮೆಣಸು ನಿವಾಳಿಸಿ ಒಲೆಗೆ ಹಾಕಿದರು, ಮನೆಯವರೆಲ್ಲ ಕೆಮ್ಮಿ ಸತ್ತೆವು. ಮೂವರದ್ದು ಮೂರು ದಾರಿ. ಕೊಡಪಾನ ಹಿಡಿದು ಬಂದ ನೆರೆಮನೆಯ ಸುಗಂಧಿ ಮೂಗು ಮುಚ್ಚಿಕೊಂಡು ನಿಂತಳು. ಅವರಿಗೆ ಬೇರೆ ಬಾವಿ ಇಲ್ಲ, ನಮ್ಮದೇ ನೀರು.

"ಎಂತ ವಾಸನೆ ಬಾಯಮ್ಮ ಇದು? ಎಂತ ಹಾಕಿದ್ದೀರಿ?"

"ಜ್ವರ ಹೋಗಲಿಕ್ಕೆ" ಎಂದೆ.

"ಈ ನೀರಿನಲ್ಲಿ ಜ್ವರವಾ? ನನ್ನ ಸೊಸೆ ಹೆಬ್ರಿಯವಳು. ಬಂದು ಮೂರು ಮಳೆಗಾಲ ಆಯಿತು, ಇದೇ ನೀರು ಕುಡಿಯುವುದು. ಅವಳಿಗೆ ಒಂದು ತಲೆನೋವೂ ಬರಲಿಲ್ಲ. ಬಂದರೆ ಕೆಲಸ ತಪ್ಪಿಸಲಿಕ್ಕಾದರೂ ಆಗುತ್ತಿತ್ತು ಅವಳಿಗೆ."

ಅವಳು ನಗುತ್ತಾ ಕೊಡಪಾನ ತುಂಬಿಸಿಕೊಂಡು ಹೋದಳು. ನಾನು ಹಗ್ಗ ಹಿಡಿದು ಅಲ್ಲೇ ನಿಂತೆ. ಹೆಬ್ರಿಯಿಂದ ಬಂದವಳು ಹೊರಗಿನವಳಲ್ಲವಾ? ಅವಳಿಗೆ ಒಗ್ಗಿದ ನೀರು ನನಗೆ ಯಾಕೆ ಒಗ್ಗಲಿಲ್ಲ? ಆ ವಾರವೇ ಉಡುಪಿಗೆ ಹೋಗುವ ನೆಪ ಮಾಡಿ, ನನ್ನ ಜ್ವರಕ್ಕೆ ಮದ್ದು ಕೊಟ್ಟಿದ್ದ ಸರ್ವೋತ್ತಮ ಡಾಕ್ಟರ ಬಳಿಗೆ ಹೋದೆ.

ನಾನು ಕೇಳಿದ್ದು ಬಾವಿಗೆ ಎಷ್ಟು ಪುಡಿ ಹಾಕಬೇಕು ಎಂದು. ಅವರು ಅದನ್ನು ಬಿಟ್ಟು ಬೇರೆಯೇ ಕೇಳಿದರು.

"ಜ್ವರ ಯಾರ್ಯಾರಿಗೆ ಬಂತು?"

"ಭಾವನಿಗೆ, ನನಗೆ, ಮಗುವಿಗೆ."

"ಯಾವಾಗ?"

"ಬೇರೆ ಬೇರೆ ವರ್ಷ. ಮೊಂತಿ ಹಬ್ಬ ಆದ ಮೇಲೆ."

"ಮೂವರಿಗೂ ಹಬ್ಬ ಆದ ಮೇಲೆಯೇ?"

"ಹೌದು."

"ಬಾವಿ ವರ್ಷವಿಡೀ ಉಂಟಲ್ಲ ಮಾರಾಯ್ತಿ. ಜ್ವರ ಮಾತ್ರ ಕ್ಯಾಲೆಂಡರ್ ನೋಡಿ ಬರುತ್ತದಾ?" ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಹಬ್ಬದ ದಿನ ಬೇಯಿಸದೆ ತಿನ್ನುವುದು ಎಂತ ಉಂಟು?"

ತೆನೆಹಾಲು. ನನ್ನ ಬಾಯಿಂದ ಅದು ತಾನಾಗಿ ಬಂತು. ಮೊಂತಿ ಹಬ್ಬ ಎಂದರೆ ನಮಗೆ ಮಾತೆ ಮರಿಯಮ್ಮನ ಹುಟ್ಟುಹಬ್ಬವೂ ಹೌದು, ಹೊಸ ಅಕ್ಕಿ ಉಣ್ಣುವ ದಿನವೂ ಹೌದು. ಇಗರ್ಜಿಯಲ್ಲಿ ಪಾದ್ರಿಗಳು ಆಶೀರ್ವದಿಸಿ ಕೊಟ್ಟ ಭತ್ತದ ತೆನೆ ಮನೆಗೆ ತಂದು, ಕಾಳು ಸುಲಿದು ಜಜ್ಜಿ ಹಾಲಿಗೆ ಹಾಕಿ, ಊಟಕ್ಕೆ ಮೊದಲು ಎಲ್ಲರೂ ಕುಡಿಯುತ್ತೇವೆ. ಕಾಪುವಿನ ನಮ್ಮ ಮನೆಯಲ್ಲಿ ಅದನ್ನು ಕುದಿಯುವ ಪಾಯಸಕ್ಕೆ ಹಾಕುತ್ತಾರೆ. ಇಲ್ಲಿನ ಪದ್ಧತಿ ಬೇರೆ. ತೆಂಗಿನ ಹಾಲು ಒಲೆ ನೋಡಬಾರದು, ಬಟ್ಟೆಯಲ್ಲಿ ಹಿಂಡಬಾರದು, ಮನೆಯ ಹಿರಿಯ ಹೆಂಗಸು ಬರಿಗೈಯಲ್ಲೇ ಹಿಂಡಬೇಕು. ಇಗರ್ಜಿಯ ಪೂಜೆಗೆ ಹೋಗುವ ಮೊದಲೇ ಹಿಂಡಿ ಬೆಲ್ಲ ಹಾಕಿ ಇಟ್ಟರೆ, ಮಧ್ಯಾಹ್ನ ಪ್ರಾರ್ಥನೆ ಮುಗಿಯುವವರೆಗೂ ಅದು ಹಾಗೆಯೇ ಇರುತ್ತದೆ.

"ಹಿಂಡುವವರು ಯಾರು?" ಎಂದರು ಡಾಕ್ಟರು.

ನಾನು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದೆ.

"ಅತ್ತೆಯಾ? ಅವರಿಗೆ ಎಂದಾದರೂ ಇಂಥ ಜ್ವರ ಬಂದಿತ್ತಾ?"

"ನಮ್ಮವರು ಹುಟ್ಟುವ ಮೊದಲು. ಪಾದ್ರಿಗಳು ಬಂದು ಸಾಯುವವರಿಗೆ ಹಚ್ಚುವ ಕೊನೆಯ ಎಣ್ಣೆಯನ್ನೂ ಹಚ್ಚಿ ಹೋಗಿದ್ದರಂತೆ. ಆಮೇಲೆ ಎದ್ದು ಕೂತರಂತೆ."

"ಊಟ ಆದ ಮೇಲೆ ಬಲಗಡೆ ಪಕ್ಕೆ ನೋವು?"

"ಪಿತ್ತ ಎಂದು ಓಮದ ನೀರು ಕುಡಿಯುತ್ತಾರೆ."

ಡಾಕ್ಟರು ನಿಧಾನವಾಗಿ ಬಿಡಿಸಿ ಹೇಳಿದರು. ಜ್ವರ ವಾಸಿಯಾದ ಮೇಲೂ ಕೆಲವರ ಪಿತ್ತಕೋಶದಲ್ಲಿ ಆ ಕ್ರಿಮಿ ಉಳಿದುಬಿಡುತ್ತದಂತೆ. ಅವರಿಗೆ ಏನೂ ಆಗುವುದಿಲ್ಲ. ಮಲದಲ್ಲಿ ಹೊರಗೆ ಬರುತ್ತದೆ, ಬರೀ ನೀರಿನಲ್ಲಿ ತೊಳೆದರೆ ಉಗುರಿನ ಸಂದಿಯಲ್ಲಿ ಕೂರುತ್ತದೆ, ಅಲ್ಲಿಂದ ತಿನ್ನುವ ವಸ್ತುವಿಗೆ. ದಿನದ ಅನ್ನ ಸಾರು ಕುದಿಯುತ್ತದೆ, ಅದರಲ್ಲಿ ಬದುಕುವುದಿಲ್ಲ. ಸಿಹಿಯಾದ ತೆಂಗಿನ ಹಾಲು ಬೆಳಗಿನಿಂದ ಮಧ್ಯಾಹ್ನದವರೆಗೆ ಇಟ್ಟರೆ ಅದಕ್ಕೆ ಹಬ್ಬವೇ. ಮನೆಯಲ್ಲಿ ಹುಟ್ಟಿದವರಿಗೆ ಚಿಕ್ಕಂದಿನಲ್ಲೇ ಬಂದು ಹೋಗಿರುತ್ತದೆ, ಮತ್ತೆ ಬರುವುದು ಅಪರೂಪ.

"ಇದು ನನ್ನ ಊಹೆ" ಎಂದರು. "ಪರೀಕ್ಷೆ ಮಾಡದೆ ಯಾರ ಮೇಲೂ ಹೊರಿಸಬೇಡಿ. ಮಣಿಪಾಲದಲ್ಲಿ ಮಲ ಪರೀಕ್ಷೆ ಮಾಡುತ್ತಾರೆ, ಚೀಟಿ ಕೊಡುತ್ತೇನೆ."

ಬಸ್ಸಿನಲ್ಲಿ ಕೂತು ಹಿಂದೆ ಬರುವಾಗ ನನಗೆ ಅಳು ತಡೆಯಲಿಲ್ಲ. ಪಕ್ಕದ ಸೀಟಿನ ಹೆಂಗಸು, ಯಾರು ತೀರಿಕೊಂಡರು ಎಂದು ಕೇಳಿದಳು. ನನ್ನ ಬಾಯಿಗೆ ಗಂಜಿ ಹಾಕಿದ ಕೈಯೇ ನನ್ನನ್ನು ಮಲಗಿಸಿದ್ದು ಎಂದರೆ ಅವಳಿಗೆ ಅರ್ಥವಾಗುತ್ತಿತ್ತಾ?

ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ನಾನು ಹೇಳಿದ್ದು ಕೇಳಿ ನಮ್ಮವರು ಯೋಚಿಸಿ ಒಂದು ಉಪಾಯ ತೆಗೆದರು. ಒಬ್ಬರದ್ದು ಕೇಳಿದರೆ ತಾನೇ ಬೇಸರ, ಮನೆಯವರೆಲ್ಲರದ್ದೂ ಕೊಡೋಣ. ಮಾವ ಹಾರಿಬಿದ್ದರು.

"ನನ್ನದನ್ನು ಮಣಿಪಾಲಕ್ಕೆ ಕಳಿಸುವುದಾ? ಅಲ್ಲಿ ಓದಿದ ಮಕ್ಕಳು ಕೂತು ಅದನ್ನು ನೋಡುವುದಾ? ಅವರ ಅಪ್ಪಂದಿರು ಫೀಸು ಕಟ್ಟುವುದು ಇದಕ್ಕಾ?"

"ಡಾಕ್ಟರು ಹೇಳಿದ್ದು ಪಪ್ಪ."

"ಡಾಕ್ಟರು ಅವನದ್ದು ಕೊಡಲಿ."

ಮಾಂಯ್ ಅಕ್ಕಿ ಗೇರುತ್ತಿದ್ದವರು ತಲೆ ಎತ್ತದೆ ಹೇಳಿದರು. "ಕೊಟ್ಟುಬಿಡಿ ಮಾರಾಯ್ರೆ. ಚಿನ್ನವಂತೂ ಕೇಳಲಿಲ್ಲ. ಮಗಳು ಬರುವುದಾದರೆ ನಾನು ಎಂತ ಬೇಕಾದರೂ ಕೊಡುತ್ತೇನೆ."

ಅದನ್ನು ಕೇಳಿ ನನಗೆ ನೆಲ ನೋಡುವ ಹಾಗಾಯಿತು. ನಮ್ಮವರು ಬಾಟಲಿಗಳನ್ನು ಚೀಲಕ್ಕೆ ಹಾಕಿ ಕಾರ್ಕಳದ ಬಸ್ಸು ಹತ್ತಿದರು, ಮಣಿಪಾಲ ಅದೇ ದಾರಿಯಲ್ಲಿ. ಗುರುತಿನ ಕಂಡಕ್ಟರ್ ಕೇಳಿದನಂತೆ, "ಎಂತ ಓಸ್ವಾಲ್ಡ್, ಚೀಲ ಎದೆಗೆ ಅಪ್ಪಿಕೊಂಡಿದ್ದಿ? ಹಲ್ವವಾ?" ಇವರು, "ಹೌದು, ಒಂದು ತುಂಡು ಬೇಕಾ?" ಎಂದರಂತೆ. ಇನ್ನೂ ಎರಡು ಸಲ ಹಾಗೆಯೇ ಹೋಗಬೇಕಾಯಿತು. ಕೊನೆಗೆ ಬಂದ ಉತ್ತರ ಡಾಕ್ಟರ ಊಹೆಯದ್ದೇ. ಕ್ರಿಮಿ ಇದ್ದದ್ದು ಮಾಂಯ್ ಒಬ್ಬರಲ್ಲಿ.

ಗಂಜಿ ಊಟದ ಹೊತ್ತಿಗೆ ನಮ್ಮವರು ಹೇಳಿದರು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಶುರು ಮಾಡಿದರು, ಮಾಂಯ್ ಬಿಡಲಿಲ್ಲ.

"ನೆಟ್ಟಗೆ ಹೇಳು. ಎಂತ ಉಂಟು ನನ್ನ ಹೊಟ್ಟೆಯಲ್ಲಿ?"

"ಟೈಫಾಯ್ಡಿನ ಕ್ರಿಮಿ, ಮಮ್ಮಿ. ಹಳೆಯದು. ನಿಮಗೆ ಅದರಿಂದ ತೊಂದರೆ ಇಲ್ಲ."

"ಮತ್ತೆ ಯಾರಿಗೆ ತೊಂದರೆ?"

ಮಾಂಯ್ ಒಬ್ಬೊಬ್ಬರ ಮುಖವನ್ನೂ ನೋಡಿದರು. ಅವರ ಕಣ್ಣು ನನ್ನ ಮುಖಕ್ಕೆ ಬಂದು ನಿಂತಿತು.

"ತೆನೆಹಾಲಾ?" ಎಂದರು.

"ಹೌದು ಮಾಂಯ್."

"ನನ್ನ ಕೈಯಾರೆ ಚಮಚದಲ್ಲಿ ಕುಡಿಸಿದೆ ಆ ಮಗುವಿಗೆ. ಬೇಡ ಎಂದು ಮುಖ ತಿರುಗಿಸಿತು, ಹಿಡಿದು ಕುಡಿಸಿದೆ."

ಮಾವ ಬಟ್ಟಲು ದೂಡಿದರು. "ಸುಳ್ಳು. ನನ್ನ ಅಮ್ಮ ಹಿಂಡಿದಳು, ಅವಳ ಅತ್ತೆ ಹಿಂಡಿದಳು. ಅವರಿಗೆ ಇಲ್ಲದ್ದು ಇವಳಿಗೆ ಎಲ್ಲಿಂದ ಬಂತು? ಬಾಟಲಿ ಅದಲು ಬದಲಾಗಿದೆ."

"ಮೂರು ಸಲವೂ ಅದಲು ಬದಲಾಗುತ್ತದಾ ಪಪ್ಪ?"

"ನೀನು ಬಸ್ಸಿನ ಟಿಕೆಟು ಕೊಡುವವನು, ಡಾಕ್ಟರನಲ್ಲ."

"ಸಾಕು ಮಾಡಿ" ಎಂದರು ಮಾಂಯ್. ಎದ್ದು ಹೋಗಿ ಹಿಂದಿನ ಚಾವಡಿಯಲ್ಲಿ ಕೂತರು.

ಆಮೇಲಿನ ದಿನಗಳನ್ನು ನೆನೆಸಿದರೆ ಈಗಲೂ ತಲೆ ಬಿಸಿಯಾಗುತ್ತದೆ. ಮಾಂಯ್ ಅಡುಗೆಮನೆಯ ಹೊಸ್ತಿಲು ದಾಟಲಿಲ್ಲ. ತನ್ನ ಬಟ್ಟಲು, ಲೋಟ, ಚಾಪೆ ಬೇರೆ ಮಾಡಿಕೊಂಡರು. ಬೆಕ್ಕಿಗೂ ಕೈಯಿಂದ ಅನ್ನ ಹಾಕಲಿಲ್ಲ. ರಾತ್ರಿ ಜಪಕ್ಕೆ ಕರೆದರೆ ದೂರದಲ್ಲಿ ಕೂತರು. ಅಷ್ಟು ಜೋರಿನ ಬಾಯಿ ಸುಮ್ಮನಾದದ್ದು ನೋಡಿ ನನಗೆ ಭಯವಾಯಿತು. ಬೈದರೆ ಬೈಯಲಿ, ಮಾತಾಡಲಿ ಎನಿಸಿತು. ಕೊನೆಗೆ ನಾನೇ ಜಗಳ ತೆಗೆದೆ.

"ಮಾಂಯ್, ಡಾಕ್ಟರು ಹೇಳಿದ್ದು ಸಾಬೂನು. ಸನ್ಯಾಸ ಹೇಳಿದ್ದಲ್ಲ."

"ನಿನ್ನ ಕೂದಲು ಹೋದದ್ದು ನನ್ನಿಂದ."

"ಕೂದಲು ಬಂತಲ್ಲ. ನೋಡಿ, ಜಡೆ ಹಾಕುವಷ್ಟು ಉಂಟು. ನಾಳೆ ಪ್ರೆಸಿಲ್ಲಾ ಬಂದರೆ ಮಗುವನ್ನು ಮೀಯಿಸುವವರು ಯಾರು? ನನಗೆ ಗೊತ್ತಾ? ಎಲ್ಲಿಯಾದರೂ ಕೈಜಾರಿ ಬೀಳಿಸಿದರೆ?"

"ಮುಟ್ಟಬಹುದಾ ನಾನು?"

"ಎತ್ತಬಹುದು, ಮೀಯಿಸಬಹುದು, ಮುದ್ದು ಮಾಡಬಹುದು. ಕೈ ಸಾಬೂನಿನಲ್ಲಿ ತಿಕ್ಕಿ ತೊಳೆಯಬೇಕು, ಉಗುರು ಬಿಡಬಾರದು. ಅಡುಗೆ ಮಾಡುವುದು, ಬಡಿಸುವುದು ಬೇಡ. ಬಾಯಿಗೆ ಹೋಗುವುದನ್ನು ಮುಟ್ಟಬಾರದು, ಅಷ್ಟೇ. ಪಿತ್ತಕೋಶ ತೆಗೆಸಿದರೆ ಕ್ರಿಮಿ ಹೋಗಲೂಬಹುದು, ಆದರೆ ಈ ವಯಸ್ಸಿಗೆ ಅವಸರ ಬೇಡವಂತೆ. ಹೊಸ ಮದ್ದುಗಳು ಬರುತ್ತಾ ಉಂಟಂತೆ, ನೋಡೋಣ ಎಂದಿದ್ದಾರೆ."

ಅವರು ತುಂಬ ಹೊತ್ತು ತಮ್ಮ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿದರು. "ಕಾಣುವುದಿಲ್ಲವಲ್ಲ ಬೆನೆಡಿಕ್ಟಾ" ಎಂದರು. "ಮುಳ್ಳಾದರೆ ತೆಗೆಯಬಹುದಿತ್ತು." ಆಮೇಲೆ ಬಾವಿಕಟ್ಟೆಗೆ ಹೋಗಿ ಕೆಂಪು ಸಾಬೂನು ಕೇಳಿದರು. ಮೀಯುವ ಸಾಬೂನನ್ನು ಕೈಗೆ ಸವೆಸುವುದೆಂದರೆ ಅವರ ಲೆಕ್ಕದಲ್ಲಿ ದುಂದು. ಆದರೆ ತೊಳೆದದ್ದು ಬಟ್ಟೆ ಒಗೆದ ಹಾಗೆ.

ಇನ್ನೊಂದು ಯುದ್ಧ ಕಕ್ಕಸಿನದ್ದು. ನಮ್ಮ ಕಡೆ ಆಗ ಯಾರ ಮನೆಯಲ್ಲೂ ಇರಲಿಲ್ಲ, ತೆಂಗಿನ ತೋಟವೇ ಎಲ್ಲ. ಗುಂಡಿ ತೋಡಿ ಕಟ್ಟಿಸಬೇಕು, ಬಾವಿಯಿಂದ ದೂರ, ಎಂದು ಡಾಕ್ಟರು ಹೇಳಿದ್ದರು. ಮಾವ ಎರಡು ದಿನ, "ಮನೆಯ ಪಕ್ಕದಲ್ಲಿ ಹೇಸಿಗೆ ಇಟ್ಟುಕೊಳ್ಳುವುದಾ?" ಎಂದು ಎಗರಾಡಿದರು. ಮೂರನೆಯ ದಿನ ಮಾಂಯ್ ಬಂದು ಎದುರು ನಿಂತು, "ನನಗೆ ಮಗಳು ಬೇಕು. ನಿಮಗೆ ಬೇಡವಾದರೆ ಹೇಳಿ" ಎಂದರು. ಮಾವ ಮುಂಡು ಕಟ್ಟಿಕೊಂಡು ಹೋಗಿ ಮುದ್ದಣ್ಣ ಮೇಸ್ತ್ರಿಯನ್ನು ಕರೆದುಕೊಂಡು ಬಂದರು. ಕಟ್ಟಿ ಮುಗಿದ ಮೇಲೆ ಅವರದ್ದೇ ಜಂಬ, ದಾರಿಯಲ್ಲಿ ಹೋಗುವವರನ್ನು ಕರೆದು ತೋರಿಸುತ್ತಿದ್ದರು.

ತೆನೆಹಾಲು ಕುದಿಸಬಹುದಾ ಎಂದು ಪಾದ್ರಿಗಳನ್ನು ಕೇಳಲು ಮಾಂಯ್ ನನ್ನನ್ನೇ ಕಳಿಸಿದರು. ಪಾದ್ರಿಗಳು ನಕ್ಕರು. "ದೇವರ ಆಶೀರ್ವಾದ ಕುದಿಸಿದರೆ ಆವಿಯಾಗಿ ಹೋಗುವಂಥದ್ದಲ್ಲ, ಧೈರ್ಯವಾಗಿ ಕುದಿಸಿ" ಎಂದರು.

ಅಡುಗೆ ನನ್ನ ಪಾಲಿಗೆ ಬಂತು. ಮಾಂಯ್ ಹೊಸ್ತಿಲ ಹೊರಗೆ ಮಣೆ ಹಾಕಿ ಕೂತು ಅಲ್ಲಿಂದಲೇ ಆಳತೊಡಗಿದರು. "ಹುಳಿ ಹೆಚ್ಚಾಯಿತು. ಸೌಟು ಹಾಗೆ ಹಿಡಿಯುವುದಾ? ನಿನ್ನ ತಾಯಿ ಕಲಿಸಿದ್ದು ಎಂತ?" ಬಾಯಿ ತಿರುಗಿ ಬಂದದ್ದಕ್ಕೆ ನಾನು ಒಳಗೊಳಗೇ ದೇವರಿಗೆ ವಂದಿಸಿದೆ. ನಾಲ್ಕು ದಿನ ಕಳೆದ ಮೇಲೆ ಇಷ್ಟು ಬೇಗ ಯಾಕೆ ಬಂತಪ್ಪ ಎಂದೂ ಅನಿಸಿತು.

ಈಗ ಕಾರ್ಕಳದವರನ್ನು ಕರೆಯಬೇಕಿತ್ತು. ಮಾವ ಮೊದಲೇ ಮಾತು ಕಟ್ಟಿ ಇಟ್ಟಿದ್ದರು. "ಬಾವಿಯಲ್ಲಿ ದೋಷ ಇತ್ತು, ಮದ್ದು ಹಾಕಿ ಶುದ್ಧ ಮಾಡಿಸಿದೆವು. ಹೀಗೆ ಹೇಳಿದರೆ ಸಾಕು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು."

"ಬಾವಿಯದ್ದು ಏನೂ ಇಲ್ಲವಲ್ಲ ಪಪ್ಪ" ಎಂದರು ನಮ್ಮವರು.

"ಮತ್ತೆಂತ, ನಿನ್ನ ತಾಯಿಯ ಹೊಟ್ಟೆಯದ್ದನ್ನು ಊರಿಡೀ ಡಂಗುರ ಹೊಡೆಸುವುದಾ? ಗೊತ್ತಾದರೆ ಆ ಕಾನ್ಸೆಪ್ಟಾ ಈ ಗೇಟು ದಾಟುವಳಾ? ಮಗಳನ್ನು ಬಿಡುವಳಾ?"

ಮಾಂಯ್ ಎದ್ದು ಸಾಬೂನು ಹಿಡಿದು ಬಾವಿಕಟ್ಟೆಗೆ ಹೋದರು. ನಮ್ಮವರು ಮನಸ್ಸಿಲ್ಲದ ಮನಸ್ಸಿನಿಂದ ಬಾವಿಯ ಸುದ್ದಿಯನ್ನೇ ರೇಮಂಡನಿಗೆ ಮುಟ್ಟಿಸಿದರು. ಹಬ್ಬದ ದಿನ ಬರುತ್ತೇವೆ, ಅಮ್ಮನೂ ಬಂದು ಕಣ್ಣಾರೆ ನೋಡುತ್ತಾರಂತೆ, ಆಮೇಲೆ ಹೆರಿಗೆಯ ಮಾತು ಎಂದು ಅತ್ತಲಿಂದ ಉತ್ತರ ಬಂತು.

ಹಬ್ಬ ಆ ವರ್ಷ ಭಾನುವಾರವೇ ಬಿತ್ತು. ಇಗರ್ಜಿಯಿಂದ ಬರುವಷ್ಟರಲ್ಲಿ ಅವರು ಜಗಲಿಯಲ್ಲಿದ್ದರು. ಹೊಟ್ಟೆ ಹೊತ್ತ ಪ್ರೆಸಿಲ್ಲಾ, ಅವಳ ಸೆರಗು ಹಿಡಿದ ಝೀಟಾ, ರೇಮಂಡ್. ಕಾನ್ಸೆಪ್ಟಾ ಬಾಯಿಯ ಕೈಯಲ್ಲಿ ಕಾರ್ಕಳದಿಂದ ನೀರು ತುಂಬಿಸಿ ತಂದ ಹೂಜಿ. ಬಸ್ಸಿನಲ್ಲಿ ಅರ್ಧ ಚೆಲ್ಲಿ ಸೀರೆಯೆಲ್ಲ ಒದ್ದೆ. ಮಾಂಯ್ ಓಡಿ ಬಂದು ಝೀಟಾಳನ್ನು ಎತ್ತಲು ಕೈ ಚಾಚಿದರು, ಅಲ್ಲೇ ನಿಲ್ಲಿಸಿ ಬಾವಿಕಟ್ಟೆಗೆ ಹೋಗಿ ಸಾಬೂನು ಹಾಕಿ ತೊಳೆದು ಬಂದು ಎತ್ತಿಕೊಂಡರು. ಕಾನ್ಸೆಪ್ಟಾ ಬಾಯಿ ಅದನ್ನು ನೋಡಿದರು.

ಹಾಲು ಒಲೆಯ ಮೇಲೆ ಕುದಿದು ಪರಿಮಳ ಬರುತ್ತಿತ್ತು. ಪ್ರಾರ್ಥನೆ ಮುಗಿಯಿತು.

"ಬಾವಿ ಶುದ್ಧ ಮಾಡಿಸಿದಿರಂತೆ" ಎಂದರು ಕಾನ್ಸೆಪ್ಟಾ ಬಾಯಿ.

"ಹೌದು ಹೌದು, ಈಗ ಏನೂ ತೊಂದರೆ ಇಲ್ಲ" ಎಂದರು ಮಾವ. "ಬನ್ನಿ, ಕಕ್ಕಸು ತೋರಿಸುತ್ತೇನೆ."

"ಬಾವಿಯಲ್ಲಿ ಏನೂ ಇರಲಿಲ್ಲ ಕಾನ್ಸೆಪ್ಟಾ ಬಾಯಿ" ಎಂದರು ಮಾಂಯ್.

ಮಾವ ಕೆಮ್ಮಿದರು. ಮಾಂಯ್ ಅವರ ಕಡೆ ನೋಡಲೇ ಇಲ್ಲ. ಮಗುವನ್ನು ಕೆಳಗಿಳಿಸಿ, ಎರಡು ಕೈಯನ್ನೂ ಮುಂದೆ ಹಿಡಿದು ನಿಂತರು. "ಇದ್ದದ್ದು ನನ್ನಲ್ಲಿ. ಹಳೆಯ ಜ್ವರದ ಬೀಜ ನನ್ನ ಹೊಟ್ಟೆಯಲ್ಲಿ ಉಂಟು, ಮಣಿಪಾಲದಲ್ಲಿ ಪರೀಕ್ಷೆ ಮಾಡಿಸಿದ್ದೇವೆ. ನಿಮ್ಮ ಮಗನಿಗೆ, ಈ ಮಗುವಿಗೆ, ನನ್ನ ಸೊಸೆಗೆ ನಾನೇ ಹಿಂಡಿ ಕುಡಿಸಿದೆ. ಗೊತ್ತಿರಲಿಲ್ಲ. ಇವತ್ತು ಹಾಲು ಹಿಂಡಿದ್ದು ಬೆನೆಡಿಕ್ಟಾ, ಕುದಿಸಿದ್ದೂ ಅವಳೇ. ನಾನು ಒಂದು ಅಗುಳೂ ಮುಟ್ಟಲಿಲ್ಲ, ಮುಂದೆಯೂ ಮುಟ್ಟುವುದಿಲ್ಲ. ಇಷ್ಟು ಹೇಳದೆ ನಿಮ್ಮ ಸೊಸೆಯನ್ನು ಇಲ್ಲಿ ಇಟ್ಟುಕೊಳ್ಳಲು ನನಗೆ ಆಗುವುದಿಲ್ಲ. ಕರೆದುಕೊಂಡು ಹೋಗುವುದಾದರೆ ಹೋಗಿ."

ಪ್ರೆಸಿಲ್ಲಾ ಅಳತೊಡಗಿದಳು. ರೇಮಂಡ್ ಗೋಡೆ ನೋಡಿದ. ಇಷ್ಟು ವಾರದ ಓಡಾಟವೆಲ್ಲ ನೀರಿನಲ್ಲಿ ಹೋಮ ಆಯಿತು ಎಂದುಕೊಂಡೆ. ಕಾನ್ಸೆಪ್ಟಾ ಬಾಯಿ ಹೂಜಿಯನ್ನು ಮೆಲ್ಲ ಕೆಳಗಿಟ್ಟರು.

"ಪರೀಕ್ಷೆ ಹೇಗೆ ಮಾಡುವುದು?"

"ಮಲ ಕೊಡಬೇಕು. ಇವರೂ ಕೊಟ್ಟರು" ಎಂದರು ಮಾಂಯ್.

ಕಾನ್ಸೆಪ್ಟಾ ಬಾಯಿ ಮಾವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಬಾಯಿಯ ಕೊನೆ ಸ್ವಲ್ಪ ಅದುರಿತು, ನಗು ನುಂಗಿದರೆಂದು ಕಾಣುತ್ತದೆ. "ನಾನೂ ಮೊದಲು ಬಾವಿ ಎಂದೇ ಎಣಿಸಿದ್ದೆ, ಆಮೇಲೆ ನಂಬಿಕೆ ಹೋಯಿತು; ನೀರು ತಂದದ್ದು ಯಾವುದಕ್ಕೂ ಇರಲಿ ಎಂದು. ನೀರಿನಲ್ಲಿ ತಪ್ಪಿದ್ದರೆ ನೆರೆಮನೆ ಖಾಲಿಯಾಗುತ್ತಿತ್ತು. ಈ ಮನೆಯವರು ಏನೋ ಮುಚ್ಚಿಡುತ್ತಾರೆ ಎಂದೇ ನನ್ನ ಸಿಟ್ಟು. ಇವತ್ತು ಮೂರು ಗಂಟೆಯ ಬಸ್ಸಿಗೆ ಇವಳನ್ನು ಕರೆದುಕೊಂಡು ಹೋಗುವುದೆಂದೇ ಬಂದದ್ದು." ರೇಮಂಡನ ಕಡೆ ತಿರುಗಿದರು. "ಬುಧವಾರ ಇವಳ ಬಟ್ಟೆಬರೆ ತಂದು ಕೊಡು. ಹೆರಿಗೆ ಇಲ್ಲೇ ಆಗಲಿ. ಹೇಳಿಕೊಂಡ ತಾಯಿಯ ಹತ್ತಿರ ಮಗಳನ್ನು ಬಿಡಬಹುದು."

ಮಾಂಯ್ ಕೈಗಳು ಇನ್ನೂ ಮುಂದೆಯೇ ಇದ್ದವು. ಕಾನ್ಸೆಪ್ಟಾ ಬಾಯಿ ಆ ಎರಡು ಕೈಯನ್ನೂ ಹಿಡಿದುಕೊಂಡರು. ಆಮೇಲೆ ಇಬ್ಬರೂ ಬಾವಿಕಟ್ಟೆಗೆ ಹೋಗಿ ಒಟ್ಟಿಗೆ ಸಾಬೂನು ಹಾಕಿ ತೊಳೆದು ಬಂದರು.

ನಾನು ಎಲೆ ಹಾಕಿದೆ. ಬಿಸಿ ಹಾಲು ಎಲ್ಲರಿಗೂ ಕೊಟ್ಟೆ. ಝೀಟಾ ಊದಿ ಊದಿ ಕುಡಿದಳು. ಎಲ್ಲರೂ ಕೂತರು, ಮಾಂಯ್ ಮಾತ್ರ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತೇ ಇದ್ದರು.

"ನೀವೆಂತ ನಿಂತದ್ದು ಅಪೊಲೋನಿಯಾ ಬಾಯಿ? ಬಡಿಸುವ ಹಾಗಿಲ್ಲವಲ್ಲ. ಕೂತುಕೊಳ್ಳಿ" ಎಂದರು ಕಾನ್ಸೆಪ್ಟಾ ಬಾಯಿ.

ಆಗ ನನಗೆ ಹೊಳೆಯಿತು. ಮಾಂಯ್ ಈ ಮನೆಗೆ ಸೊಸೆಯಾಗಿ ಬಂದಂದಿನಿಂದ ಒಂದು ಹಬ್ಬದಲ್ಲೂ ಎಲ್ಲರ ಜೊತೆ ಎಲೆಗೆ ಕೂತವರಲ್ಲ. ಅತ್ತೆಗೆ ಬಡಿಸಿ, ಗಂಡನಿಗೆ ಬಡಿಸಿ, ಮಕ್ಕಳಿಗೆ, ನೆಂಟರಿಗೆ, ಕೊನೆಗೆ ನನಗೂ ಬಡಿಸಿ, ತಳದಲ್ಲಿ ಉಳಿದ ತಣ್ಣಗಿನದ್ದನ್ನು ಒಲೆಯ ಮುಂದೆ ಒಬ್ಬರೇ ಕೂತು ಉಂಡವರು. ನಾನು ಮಾವನ ಪಕ್ಕದಲ್ಲಿ ಇನ್ನೊಂದು ಎಲೆ ಹಾಕಿದೆ. ಮಾವ ಸ್ವಲ್ಪ ಸರಿದು ಜಾಗ ಮಾಡಿಕೊಟ್ಟರು.

ಅನ್ನ ಬಡಿಸಿದೆ. ಮಾಂಯ್ ಬೆರಳಿಟ್ಟು ಥಟ್ಟನೆ ಹಿಂದೆಗೆದರು.

"ಸುಡುತ್ತದಲ್ಲ" ಎಂದರು.

"ಬಿಸಿ ಅನ್ನ ಮಾಂಯ್. ಹೀಗೆಯೇ ಇರುವುದು."

ಅವರು ಊದಿಕೊಂಡು ಒಂದು ತುತ್ತು ಬಾಯಿಗಿಟ್ಟರು. ಮತ್ತೊಂದು ಇಟ್ಟರು. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ. ಎಲೆ ಖಾಲಿಯಾದ ಮೇಲೆ ತಲೆ ಎತ್ತಿ, "ಪಲ್ಯಕ್ಕೆ ಉಪ್ಪು ಸಾಲದು ಬೆನೆಡಿಕ್ಟಾ" ಎಂದರು. ಅನ್ನ ಇನ್ನೂ ಸ್ವಲ್ಪ ಹಾಕು ಎಂದು ಎಲೆ ತೋರಿಸಿದರು.